ಅತ್ತೆಯ ಕಂತಿನ ಕಳ್ಳ

ನಮ್ಮ ಅತ್ತೆಗೆ ಒಬ್ಬ ಗಂಡ, ಒಬ್ಬಳು ಮಗಳು, ಒಬ್ಬ ಕಳ್ಳ. ಈ ಲೆಕ್ಕ ನನ್ನದಲ್ಲ, ಮಾವನದು. ಮನೆಗೆ ಹೊಸಬರು ಯಾರೇ ಬರಲಿ, ಮಾವ ತಮ್ಮ ಸಂಸಾರದ ಪರಿಚಯ ಮಾಡಿಕೊಡುತ್ತಿದ್ದುದೇ ಹೀಗೆ. ಬಂದವರು ನಗಬೇಕೋ ಬೇಡವೋ ತಿಳಿಯದೆ ಅತ್ತೆಯ ಮುಖ ನೋಡುತ್ತಿದ್ದರು. ಅತ್ತೆ "ಇವರ ಮಾತಿಗೆ ಹಿಂದಿಲ್ಲ ಮುಂದಿಲ್ಲ, ನೀವು ಕೂತ್ಕೊಳ್ಳಿ" ಎಂದು ಟೀ ಮಾಡಲು ಒಳಗೆ ಹೋಗುತ್ತಿದ್ದರು. ಅದು ಸುಳ್ಳು ಅಂತ ಮಾತ್ರ ಒಂದು ಸಲವೂ ಹೇಳಲಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಮುಖ್ಯ ಕಟ್ಟಡದ ಮೆಟ್ಟಿಲ ಕೆಳಗೆ, ಎದ್ದು ನಿಂತರೆ ತಲೆ ತಾಗುವಂಥ ಒಂದು ಕೋಣೆ. ಎದುರಿಗೆ ಪಿಳಿಪಿಳಿ ದೀಪಗಳ ಬೋರ್ಡು, ಕಿವಿಗೆ ಹೆಡ್‌ಫೋನು, ಬಲಗಡೆ ಇಡೀ ಆಸ್ಪತ್ರೆಗೆ ಕೇಳಿಸುವ ಮೈಕು, ಎಡಗಡೆ ಬಿಸ್ಕತ್ತಿನ ಡಬ್ಬ. ಅಲ್ಲಿ ಕೂತೇ ಅತ್ತೆ ಆಸ್ಪತ್ರೆಯನ್ನು ಆಳುತ್ತಿದ್ದರು. ಯಾವ ಡಾಕ್ಟರು ಎಲ್ಲಿ ಸಿಗುತ್ತಾರೆ, ಯಾವ ನರ್ಸಿಗೂ ಯಾವ ನರ್ಸಿಗೂ ಮಾತು ಬಿಟ್ಟಿದೆ, ಯಾರ ಮನೆಯಿಂದ ಫೋನ್ ಬಂದರೆ ‘ರೌಂಡ್ಸಿನಲ್ಲಿದ್ದಾರೆ’ ಅನ್ನಬೇಕು, ಎಲ್ಲ ಅವರ ನಾಲಿಗೆ ತುದಿಯಲ್ಲಿ. ಅವರ ದನಿಯೋ ಜೇನು ಸವರಿದ ಹಾಗೆ. ಫೋನಿನಲ್ಲಿ ಮಾತ್ರ. ಫೋನ್ ಕೆಳಗಿಟ್ಟ ಮೇಲೆ ಬರುವ ದನಿ ಬೇರೆ ಜಾತಿಯದು. ಅದರ ಪರಿಚಯ ಮಾವನಿಗೂ ನಮಗೂ ಚೆನ್ನಾಗಿತ್ತು.

ಮಗಳಿಗೆ ಹೆರಿಗೆಯಾಯಿತೆಂದು ಅತ್ತೆ, ಮಾವ ಇಬ್ಬರೂ ನಾಲ್ಕು ದಿನ ಬೇರೆ ಊರಿಗೆ ಹೋಗಿದ್ದಾಗ ಮನೆಗೆ ಕಳ್ಳ ನುಗ್ಗಿದ. ಹೋಗುವ ಮುಂಚೆ ಅತ್ತೆ ಮುಂಬಾಗಿಲಿಗೆ ಎರಡು ಬೀಗ ಜಡಿದು, ಮೂರು ಸಲ ಎಳೆದು ನೋಡಿ, ಆಟೋ ಹತ್ತಿದ ಮೇಲೆ ಇಳಿದು ಬಂದು ಮತ್ತೊಮ್ಮೆ ಎಳೆದಿದ್ದರು. ಕಳ್ಳ ಆ ಬಾಗಿಲಿನ ಕಡೆ ತಿರುಗಿಯೂ ನೋಡಲಿಲ್ಲ. ಹಿಂಬದಿಗೆ ಹೋಗಿ ಬಚ್ಚಲುಮನೆ ಕಿಟಕಿಯ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಕಳಚಿ, ಗೋಡೆಗೆ ಒರಗಿಸಿ ನೀಟಾಗಿ ಜೋಡಿಸಿ ಒಳಗೆ ಇಳಿದಿದ್ದ.

ವಾಪಸು ಬಂದು ಅದನ್ನು ನೋಡಿದಾಗ ಅತ್ತೆ ಎದೆ ಹೊಡೆದುಕೊಂಡು ಅತ್ತರು. ಅಳುವಿನ ನಡುವೆಯೇ ಮಾವನ ಕಡೆ ತಿರುಗಿ, "ನೋಡ್ರೀ, ಕಳ್ಳನಾದ್ರೂ ಎಷ್ಟು ಒಪ್ಪವಾಗಿ ಜೋಡಿಸಿದಾನೆ. ನಿಮಗೆ ಒಂದು ಟವೆಲ್ ಮಡಚಿಡೋಕೆ ಬರಲ್ಲ" ಎಂದರು.

ಹೋದದ್ದೇನು? ಮಿಕ್ಸರು, ಮಾವನ ರೇಡಿಯೋ, ಮಾವನ ಹೊಸ ಬೂಟು, ಮತ್ತೆ ಒಂದು ಹಳೆಯ ಕಪ್ಪು ಟೆಲಿಫೋನು. ಆಸ್ಪತ್ರೆಯವರು ಹೊಸ ಬೋರ್ಡು ಹಾಕಿಸಿದಾಗ ಮೂಲೆಗೆಸೆದಿದ್ದ ಆ ಫೋನನ್ನು ಅತ್ತೆ ಕೇಳಿ ಮನೆಗೆ ತಂದಿದ್ದರು. ಅದು ಹೋಯಿತೆಂದು ಗೊತ್ತಾದ ಗಳಿಗೆಯಲ್ಲಿ ಅತ್ತೆಯ ಅಳು ನಿಂತೇ ಹೋಯಿತು. ಕುರ್ಚಿಯ ಮೇಲೆ ಕುಕ್ಕರಿಸಿಬಿಟ್ಟರು.

"ಹೋಗ್ಲಿ ಬಿಡೇ, ಕೆಟ್ಟ ಫೋನು" ಅಂದರು ಮಾವ.

"ಬಳೆ ಅದರಲ್ಲಿತ್ತು ಕಣ್ರೀ."

ಅತ್ತೆಯ ತಾಯಿ ಕೊಟ್ಟಿದ್ದ ಚಿನ್ನದ ಜೋಡಿ ಬಳೆ. ಬೀರುವಿನಲ್ಲಿಟ್ಟರೆ ಕಳ್ಳರು ಮೊದಲು ಅದನ್ನೇ ಒಡೆಯುತ್ತಾರೆ ಎಂದು ಅತ್ತೆ ಫೋನಿನ ತಳ ಬಿಚ್ಚಿ, ಒಳಗಿನ ಯಂತ್ರವನ್ನೆಲ್ಲ ಕಿತ್ತೆಸೆದು, ಬಳೆಗಳನ್ನು ಹತ್ತಿಯಲ್ಲಿ ಸುತ್ತಿ ಅಲ್ಲಿಟ್ಟಿದ್ದರು. ಈ ಉಪಾಯವನ್ನು ಗಂಡನಿಗೂ ಹೇಳಿರಲಿಲ್ಲ. ಬೀರುವಿಗೆ ಕಳ್ಳ ಕೈಯನ್ನೂ ಹಾಕಿರಲಿಲ್ಲ.

ಕಳ್ಳ ಸಿಕ್ಕಿಬಿದ್ದದ್ದು ಮಾವನ ಬೂಟಿನಿಂದ. ಮಾವನಿಗೆ ಹುಟ್ಟಿನಿಂದ ಎಡಗಾಲು ಬೆರಳಗಲ ಗಿಡ್ಡ. ಅದಕ್ಕೆ ಅವರ ಎಡ ಬೂಟಿನ ಹಿಮ್ಮಡಿಗೆ ಬೆರಳಗಲ ಹೆಚ್ಚು ಚರ್ಮ ಕಟ್ಟಿಸುವುದು ವಾಡಿಕೆ. ಹೊಸ ಬೂಟು ಸಿಕ್ಕಿದ ಖುಷಿಯಲ್ಲಿ ತನ್ನ ಹರಕು ಚಪ್ಪಲಿಯನ್ನು ಅತ್ತೆಯ ಬಚ್ಚಲಿನಲ್ಲೇ ಬಿಟ್ಟು ಹೋದ ಕಳ್ಳ, ಒಂದು ವಾರ ಕುಂಟಿಕೊಂಡು ತಿರುಗಿದ. ತನ್ನ ಕಾಲಿಗೇ ಏನೋ ಆಯಿತು ಎಂದು ಹೆದರಿದನಂತೆ. ಆಮೇಲೆ ಬೂಟನ್ನು ತಿರುಗಿಸಿ ನೋಡಿ, ಹಿಮ್ಮಡಿ ಸಮ ಮಾಡಿಸೋಣ ಎಂದು ಸಂತೆ ಬೀದಿಯ ತಿರುವಿನಲ್ಲಿ ಬೂಟು ಹೊಲಿಯುವವನ ಮುಂದೆ ಹೋಗಿ ನಿಂತ. ಅದನ್ನು ಕಟ್ಟಿಕೊಟ್ಟಿದ್ದವನೂ ಆತನೇ, ಕಳುವಿನ ಸುದ್ದಿಯೂ ಅವನ ಕಿವಿಗೆ ಬಿದ್ದಿತ್ತು. "ಅರ್ಧ ಗಂಟೆ ಕೂತ್ಕೊಳ್ಳಿ, ಮಾಡಿಕೊಡ್ತೀನಿ" ಎಂದು ಕೂರಿಸಿ, ಟೀ ಹೇಳಿ, ಪೊಲೀಸರಿಗೂ ಹೇಳಿಕಳಿಸಿದ. ಕಳ್ಳ ಬರಿಗಾಲಲ್ಲಿ ಕೂತು ಟೀ ಕುಡಿಯುತ್ತಿದ್ದಾಗ ಸಿಕ್ಕಿದ.

ಕೋರ್ಟಿಗೆ ನಾನೂ ಹೋಗಿದ್ದೆ. ಅತ್ತೆ ಇಸ್ತ್ರಿ ಸೀರೆ ಉಟ್ಟು, ಎರಡೂ ಬೋಳು ಕೈಗಳನ್ನು ಜಡ್ಜ್‌ಗೆ ಚೆನ್ನಾಗಿ ಕಾಣುವ ಹಾಗೆ ಮಡಿಲಲ್ಲಿಟ್ಟುಕೊಂಡು ಮುಂದಿನ ಬೆಂಚಿನಲ್ಲಿ ಕೂತರು. ಕಳ್ಳ ಹೇಗಿರುತ್ತಾನೋ ಎಂದು ನಾವೆಲ್ಲ ಎದುರು ನೋಡುತ್ತಿದ್ದರೆ, ಬಂದವನು ಮೂವತ್ತೈದರ ಆಸುಪಾಸಿನ ಸಣಕಲ. ನೆತ್ತಿ ಆಗಲೇ ಬೆಳಗುತ್ತಿತ್ತು. ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಅಂಗಡಿ ಮುಚ್ಚಿದ ಮೇಲೆ ಈ ದಾರಿ ಹಿಡಿದಿದ್ದ. ಕೇಳಿದ ಕೂಡಲೇ ಎಲ್ಲ ಒಪ್ಪಿಕೊಂಡ. ಮಿಕ್ಸರು, ರೇಡಿಯೋ, ಫೋನು ಅವನ ಕೋಣೆಯಲ್ಲೇ ಇದ್ದವು. ಬಳೆ ಮಾತ್ರ ಕರಗಿ, ದುಡ್ಡು ಸಾಲಗಾರರ ಪಾಲಾಗಿತ್ತು.

"ಬಳೆ ಫೋನಿನಲ್ಲಿದೆ ಅಂತ ನಿನಗೆ ಹೇಗೆ ಗೊತ್ತಾಯಿತು?" ಜಡ್ಜ್ ಕೇಳಿದರು.

"ಗೊತ್ತಿರಲಿಲ್ಲ ಸಾರ್. ನಾನು ಫೋನಿಗೇ ಆಸೆಪಟ್ಟಿದ್ದು, ನೋಡೋಕೆ ಚೆನ್ನಾಗಿತ್ತು. ಮನೆಗೆ ಹೋಗಿ ಅಲ್ಲಾಡಿಸಿದೆ, ಒಳಗೆ ಏನೋ ಉರುಳಿತು."

ಜಡ್ಜ್ ಕನ್ನಡಕ ಒರೆಸುವ ನೆವದಲ್ಲಿ ತಲೆ ತಗ್ಗಿಸಿದರು. ಮಾವ ಕೆಮ್ಮಿದರು. ಅತ್ತೆ ಮಾವನ ಕಡೆ ನೋಡಿದ ನೋಟಕ್ಕೆ ಆ ಕೆಮ್ಮು ಅರ್ಧಕ್ಕೇ ನಿಂತಿತು.

ತೀರ್ಪು ಹೀಗಿತ್ತು: ಕಳ್ಳನಿಗೆ ಜೈಲು ಶಿಕ್ಷೆ, ಆದರೆ ಸದ್ಯಕ್ಕೆ ಅಮಾನತು. ಅವನು ಒಂದು ಕೆಲಸ ಹಿಡಿದು, ಬಳೆಯ ಅಂದಿನ ಬೆಲೆಯನ್ನು ತಿಂಗಳು ತಿಂಗಳು ಕಂತಿನಲ್ಲಿ ಕೋರ್ಟಿನ ಕೌಂಟರಿಗೆ ಕಟ್ಟಬೇಕು. ಅಲ್ಲಿಂದ ಅದು ಅತ್ತೆಗೆ ಬರುತ್ತದೆ. ಕಂತು ತಪ್ಪಿಸಿದರೆ ಜೈಲಿಗೆ.

ಹೊರಗೆ ವರಾಂಡದಲ್ಲಿ ಅತ್ತೆ ಸಿಡಿದರು. "ಇದೇನು ನ್ಯಾಯ! ಮಿಕ್ಸರ್ ಕಂತಿನ ಮೇಲೆ ತಗೊಳ್ತಾರೆ, ಕೇಳಿದೀನಿ. ಕಳ್ಳತನ ಕೂಡ ಕಂತಿನ ಮೇಲಾ?"

"ಅವನನ್ನ ಒಳಗೆ ಹಾಕಿದರೆ ನಿನಗೆ ಬಳೆ ಬರುತ್ತಾ?" ಅಂದರು ಮಾವ.

"ಬಳೆ ಬರದೇ ಇದ್ದರೂ ನಿದ್ದೆ ಬರುತ್ತೆ."

ಅವತ್ತು ನಿದ್ದೆಯ ಮಾತಾಡಿದ ಅತ್ತೆ ಮೊದಲನೇ ಕಂತಿನ ದಿನ ಬೆಳಿಗ್ಗೆಯೇ ಕೋರ್ಟಿನ ಕೌಂಟರಿನ ಮುಂದಿದ್ದರು. ಅಲ್ಲಿದ್ದ ಗುಮಾಸ್ತೆ ಒಂದು ಲಕೋಟೆ ಕೊಟ್ಟಳು. ಎಣಿಸಿದರೆ ಅರ್ಧವೂ ಇರಲಿಲ್ಲ.

"ಉಳಿದಿದ್ದು?"

"ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದನಂತೆ ಮೇಡಂ. ಕೇಸಿನ ವಿಷಯ ಗೊತ್ತಾಗಿ ತೆಗೆದುಹಾಕಿದಾರೆ. ಈ ತಿಂಗಳಿಗೆ ಇಷ್ಟೇ ಆಗಿದ್ದು ಅಂದ. ಮುಂದಿನ ತಿಂಗಳೂ ಹೀಗೇ ಆದರೆ ಸಾಹೇಬರಿಗೆ ಹೇಳಿ ಒಳಗೆ ಹಾಕಿಸ್ತೀವಿ, ಯೋಚನೆ ಮಾಡಬೇಡಿ."

ಅತ್ತೆ ಯೋಚನೆ ಮಾಡುತ್ತಲೇ ಮನೆಗೆ ಬಂದರು. ಕೆಲಸವಿಲ್ಲದಿದ್ದರೆ ಸಂಬಳವಿಲ್ಲ, ಸಂಬಳವಿಲ್ಲದಿದ್ದರೆ ಕಂತಿಲ್ಲ, ಒಳಗೆ ಹಾಕಿದರಂತೂ ಏನೇನೂ ಇಲ್ಲ. ಊಟದ ಹೊತ್ತಿಗೆ ಅವರ ಸಿಟ್ಟು ಕಳ್ಳನನ್ನು ಬಿಟ್ಟು ಗ್ಯಾರೇಜಿನವನ ಮೇಲೆ ಹರಿಯಿತು. "ದುಡಿಯೋ ಆಳನ್ನ ಕೆಲಸದಿಂದ ತೆಗೆಯೋಕೆ ಅವನ್ಯಾರ್ರೀ? ನನ್ನ ಬಳೆ ಬಗ್ಗೆ ಅವನಿಗೆ ಏನಾದ್ರೂ ಯೋಚನೆ ಇದೆಯಾ?"

ಮಾರನೆಯ ದಿನ ಅತ್ತೆ ಆಸ್ಪತ್ರೆಯ ಲಾಂಡ್ರಿಗೆ ಇಂಟರ್‌ಕಾಮ್ ಮಾಡಿದರು. ಲಾಂಡ್ರಿ ಕಟ್ಟಡದ ಹಿಂದೆ, ಆವಿಯಿಂದ ಗೋಡೆಯೆಲ್ಲ ಬೆವರುವ ಉದ್ದನೆಯ ಶೆಡ್ಡು. ಅದರ ಮೇಲ್ವಿಚಾರಕಿಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಸುಂಟರಗಾಳಿ ಅಂತಲೇ ಕರೆಯುತ್ತಿದ್ದರು, ಎದುರಿಗೆ ಮಾತ್ರ ಅಕ್ಕ ಅನ್ನುತ್ತಿದ್ದರು. ಒದ್ದೆ ಚಾದರಗಳ ಗಂಟು ಎತ್ತುವ ಕೆಲಸಕ್ಕೆ ಆಳು ನಿಲ್ಲುವುದಿಲ್ಲ ಅಂತ ಆಕೆಯ ದೊಡ್ಡ ಗೋಳು.

"ಅಕ್ಕಾ, ನಿಮಗೊಬ್ಬ ಆಳಿದಾನೆ. ಆದರೆ ಮೊದಲೇ ಹೇಳಿಬಿಡ್ತೀನಿ, ಅವನು ಕಳ್ಳ. ನಮ್ಮನೆಗೇ ಕನ್ನ ಹಾಕಿದವನು."

 ಯಂತ್ರದ ಸದ್ದನ್ನು ಮೀರಿ ಸುಂಟರಗಾಳಿ ಕೇಳಿದಳು, "ತೋಳಲ್ಲಿ ಶಕ್ತಿ ಇದೆಯಾ?"

"ಮಿಕ್ಸರು, ರೇಡಿಯೋ, ಫೋನು ಎಲ್ಲ ಒಬ್ಬನೇ ಹೊತ್ತುಕೊಂಡು ಬಚ್ಚಲು ಕಿಟಕಿಯಿಂದ ಇಳಿದಿದಾನೆ."

"ಹಾಗಾದ್ರೆ ಕಳಿಸಿ."

ಕಳ್ಳ ಇದ್ದದ್ದು ಹಿಟ್ಟಿನ ಗಿರಣಿಯ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ. ಅತ್ತೆ ಮಾವನನ್ನು ಜೊತೆಗೆ ಕರೆದುಕೊಂಡು ಅಲ್ಲಿಗೇ ಹೋದರು. ಬಾಗಿಲು ತೆಗೆದ ಕಳ್ಳ ಇವರನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಅತ್ತೆ ಒಳಗೆ ಕಣ್ಣಾಡಿಸಿದರು. ಚಾಪೆ ಸುತ್ತಿಟ್ಟಿತ್ತು, ಎರಡು ಪಾತ್ರೆ ತೊಳೆದು ಬೋರಲು ಹಾಕಿತ್ತು, ಗೋಡೆಯ ಮೊಳೆಗೆ ಒಂದು ಅಂಗಿ.

"ನಾಳೆ ಬೆಳಿಗ್ಗೆ ಆಸ್ಪತ್ರೆ ಲಾಂಡ್ರಿಗೆ ಬಾ. ಕೆಲಸ ಇದೆ" ಅಂದರು.

"ನಂಗಾ ಅಮ್ಮಾ? ನೀವು ಕೊಡಿಸ್ತೀರಾ? ಯಾಕೆ?"

"ಯಾಕೆ ಅಂದ್ರೆ? ನಿನ್ನ ಮೇಲೆ ನನ್ನ ಎರಡು ಬಳೆ ಇದೆ."

ಈ ಸುದ್ದಿ ಕೇಳಿ ನನ್ನ ಅಪ್ಪ ಹೌಹಾರಿದರು. "ಅಕ್ಕಾ, ನಿನಗೆ ತಲೆ ನೆಟ್ಟಗಿದೆಯಾ? ಕಳ್ಳನಿಗೆ ಕೆಲಸ ಕೊಡಿಸ್ತಾರಾ?"

"ಅವನಿಗೆ ಬೇಡ ಅಂದ್ರೆ ನೀನು ಕಟ್ಟು ಕಂತು."



ಕೆಲಸ ಕೊಡಿಸಿ ಸುಮ್ಮನಿರುವ ಜಾಯಮಾನ ಅತ್ತೆಯದಲ್ಲ. ದಿನಾ ಬೆಳಿಗ್ಗೆ ತಮ್ಮ ಕುರ್ಚಿಯಲ್ಲಿ ಕೂತ ಕೂಡಲೇ ಮೊದಲ ಕರೆ ಲಾಂಡ್ರಿಗೆ. "ನಮ್ಮ ಕಳ್ಳ ಬಂದ್ನಾ?" ಈ ಮಾತನ್ನು ಅತಿ ಮೆಲ್ಲಗೆ ಕೇಳುತ್ತಿದ್ದರು, ಏಕೆಂದರೆ ಸುಂಟರಗಾಳಿಯ ಹೊರತು ಆಸ್ಪತ್ರೆಯಲ್ಲಿ ಬೇರೆ ಯಾರಿಗೂ ವಿಷಯ ಗೊತ್ತಿರಲಿಲ್ಲ. ಬಂದಿದ್ದಾನೆ ಎಂದರೆ ಸಮಾಧಾನ. ಹತ್ತು ನಿಮಿಷ ತಡವಾಗಿ ಬಂದ ಎಂದರೆ ಫೋನನ್ನು ಅವನ ಕೈಗೇ ಕೊಡಿಸಿ ವಿಚಾರಣೆ. ಒಂದು ಸಲ ಅವನಿಗೆ ಜ್ವರ ಬಂತು. ಅತ್ತೆ ಗಾಬರಿಯಿಂದ ದೊಡ್ಡ ಡಾಕ್ಟರಿಗೇ ನೇರ ಲೈನ್ ಹಾಕಿ, "ಸಾರ್, ನಮ್ಮವನೊಬ್ಬನನ್ನ ಸ್ವಲ್ಪ ನೋಡಬೇಕು" ಎಂದು ಜೇನಿನ ದನಿಯಲ್ಲಿ ಕೇಳಿದರು. ನಾಲ್ಕು ದಿನ ರಜೆ ಎಂದರೆ ನಾಲ್ಕು ದಿನದ ಸಂಬಳ ಹೋಯಿತು. ಸಂಬಳ ಹೋದರೆ ಕಂತು ಬಡವಾಯಿತು. ಆದ್ದರಿಂದ ಅವನ ಗಂಟಲು, ಹೊಟ್ಟೆ, ಹಲ್ಲು ಎಲ್ಲದರ ಮೇಲೂ ಅತ್ತೆಯ ಕಣ್ಣು. ಮಳೆಯಲ್ಲಿ ನೆನೆದು ಬಂದ ಎಂದು ಕೇಳಿ ಮಾವನ ಛತ್ರಿಯನ್ನು ಕಳಿಸಿಕೊಟ್ಟರು.

"ನನ್ನ ಬೂಟು ಅವನೇ ತಗೊಂಡ" ಎಂದರು ಮಾವ. "ಛತ್ರಿ ನೀನೇ ಕೊಟ್ಟೆ. ಇನ್ನು ನನ್ನನ್ನ ಯಾವಾಗ ಕೊಡ್ತೀಯಾ?"

ಕಳ್ಳನ ಕಷ್ಟ ಬೇರೆ ತರಹದ್ದು. ಮೊದಮೊದಲು ಅತ್ತೆಯ ಫೋನ್ ಬಂದರೆ ಕೈಕಟ್ಟಿ ನಿಂತು ಮಾತಾಡುತ್ತಿದ್ದವನು ಬರಬರುತ್ತಾ ರೋಸಿ ಹೋದ. "ಊಟ ಮಾಡಿದೆಯಾ?", "ಬೀಡಿ ಸೇದ್ತಿದೀಯಂತೆ, ನಿಜಾನಾ?", "ಭಾನುವಾರ ಎಲ್ಲಿಗೆ ಹೋಗಿದ್ದೆ?" ಪ್ರಶ್ನೆಗೆ ಕೊನೆಯಿಲ್ಲ. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟ: "ಅಮ್ಮಾ, ತಪ್ಪು ತಿಳಿಯಬೇಡಿ, ಇದಕ್ಕಿಂತ ಜೈಲೇ ವಾಸಿ. ಅಲ್ಲಿ ತಲೆ ಎಣಿಸೋದು ದಿನಕ್ಕೆ ಎರಡೇ ಸಲ ಅಂತೆ."

ಅತ್ತೆ ಅದನ್ನು ಮನೆಗೆ ಬಂದು ಹೇಳಿ, "ಎಷ್ಟು ಕೊಬ್ಬು ನೋಡಿ" ಅಂದರು. ಹೇಳುವಾಗ ಮುಖ ಮಾತ್ರ ಅರಳಿತ್ತು.

ಹೀಗೆ ಒಂದು ವರ್ಷದ ಮೇಲಾಯಿತು. ಕಂತು ಒಂದೂ ತಪ್ಪಲಿಲ್ಲ. ಒಂದು ತಿಂಗಳು ಮಾತ್ರ ಅತ್ತೆ ಕೌಂಟರಿಗೆ ಹೋದಾಗ ಗುಮಾಸ್ತೆ ದಪ್ಪನೆಯ ಲಕೋಟೆ ನೀಡಿದಳು. ಮೂರು ಕಂತು ಒಟ್ಟಿಗೆ! ಅತ್ತೆ ಹಿಗ್ಗಿನಿಂದ ಹೊರಗೆ ಬಂದರು. ಬಸ್ಸು ಹತ್ತುವಷ್ಟರಲ್ಲಿ ಆ ಹಿಗ್ಗು ತಣ್ಣಗಾಗತೊಡಗಿತು. ಚಾದರ ಎತ್ತುವವನ ಸಂಬಳ ಎಷ್ಟೆಂದು ಅವರಿಗೆ ಗೊತ್ತು. ಬಾಡಿಗೆ, ಊಟ ಕಳೆದರೆ ಉಳಿಯುವುದೆಷ್ಟು ಎಂದೂ ಗೊತ್ತು. ಮತ್ತೆ ಇದು ಎಲ್ಲಿಂದ ಬಂತು? ಯಾರ ಮನೆಯ ಬಚ್ಚಲು ಕಿಟಕಿಯಿಂದ ಬಂತು?

ಆಸ್ಪತ್ರೆಗೆ ಹೋದವರೇ ಮೈಕು ಹಾಕಿ, "ಲಾಂಡ್ರಿ ವಿಭಾಗದವರು ಯಾರಾದರೂ ಕೂಡಲೇ ಟೆಲಿಫೋನ್ ಕೋಣೆಗೆ ಬರಬೇಕು" ಎಂದರು. ಯಾರನ್ನು ಕರೆದದ್ದೆಂದು ಲಾಂಡ್ರಿಗೆ ಗೊತ್ತಿತ್ತು. ಕಳ್ಳ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿ ಕೋಣೆಯೊಳಗೆ ನಿಂತ. ಅತ್ತೆ ಸಿಟ್ಟಿನ ಭರದಲ್ಲಿ ಮೈಕಿನ ಗುಂಡಿ ಆರಿಸಲು ಮರೆತಿದ್ದರು.

"ನಿಜ ಹೇಳು. ಎಲ್ಲಿ ಕದ್ದೆ?"

"ಏನಮ್ಮಾ?"

"ಮೂರು ಕಂತಿನ ದುಡ್ಡು! ನಿನ್ನ ಸಂಬಳ ನನಗೆ ಗೊತ್ತಿಲ್ವಾ? ನಮ್ಮನೆಗೆ ಕನ್ನ ಹಾಕಿದ್ದು ಸಾಲದು ಅಂತ ಇನ್ಯಾರ ಮನೆಗೆ ನುಗ್ಗಿದೆ? ಯಾವ ತಾಯಿಯ ಬಳೆ ಕರಗಿಸಿ ನನಗೆ ತಂದುಕೊಟ್ಟೆ, ಹೇಳು!"

ಈ ಮಾತು ಹೆರಿಗೆ ವಾರ್ಡಿನಲ್ಲಿ ಕೇಳಿಸಿತು. ಕಣ್ಣಿನ ವಿಭಾಗದಲ್ಲಿ ಕೇಳಿಸಿತು. ಔಷಧಿಗೆ ಸಾಲು ನಿಂತವರು ತಲೆಯೆತ್ತಿ ಸ್ಪೀಕರಿನ ಕಡೆ ನೋಡಿದರು. ಹೊರಗೆ ಬೆಂಚಿನಲ್ಲಿ ಕೂತಿದ್ದ ಒಬ್ಬ ಮುದುಕರು ತಮ್ಮ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರಂತೆ. ಒಬ್ಬಳು ನರ್ಸು ಓಡಿ ಬಂದು ಬಾಗಿಲು ತಳ್ಳಿ, ಮಾತಾಡದೆ ಕೈ ಚಾಚಿ ಮೈಕಿನ ಕೆಂಪು ದೀಪ ತೋರಿಸಿದಳು.

ಅತ್ತೆಯ ಕೈ ಗುಂಡಿಯ ಮೇಲೆ ಹೋಯಿತು. ಆರಿಸಿದ ಮೇಲೂ ಅಲ್ಲೇ ಉಳಿಯಿತು.

ಕಳ್ಳನ ಮುಖ ಬಿಳಿಚಿಕೊಂಡಿತ್ತು. "ರಾತ್ರಿ ಹೋಟೆಲಿನ ಪರದೆ ಒಗೀತೀನಿ ಅಮ್ಮಾ" ಎಂದ. "ಭಾನುವಾರ ಮೂರು ಮನೆಗೆ ಇಸ್ತ್ರಿ. ಬೇಗ ಮುಗಿಸಿಬಿಡೋಣ ಅಂತ ಕೂಡಿಟ್ಟೆ."

"ಬೇಗ ಯಾಕೆ ಮುಗಿಸಬೇಕಿತ್ತು?" ಅತ್ತೆಯ ದನಿ ಅವರಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಮುಗಿದರೆ ನೀವು ಕಳ್ಳ ಅನ್ನಲ್ಲ ಅಂತ."

ಅವನು ಬಾಗಿ ಹೊರಗೆ ಹೋದ.

ಒಂದು ಗಂಟೆಯೊಳಗೆ ಸೂಪರಿಂಟೆಂಡೆಂಟರಿಂದ ಕರೆ ಬಂತು. ಅವರು ಮೇಜಿನ ಮೇಲೆ ಬೆರಳು ಬಡಿಯುತ್ತಿದ್ದರು. ಲಾಂಡ್ರಿಯಲ್ಲಿ ಕಳ್ಳನನ್ನು ಇಟ್ಟುಕೊಂಡಿದ್ದೀರಾ, ರೋಗಿಗಳ ಕಡೆಯವರು ಕೇಳುತ್ತಿದ್ದಾರೆ, ಅವನನ್ನು ಇವತ್ತೇ ತೆಗೆಯಬೇಕು ಎಂದರು. ಅತ್ತೆ ನಿಂತೇ ಇದ್ದರು. 

"ತಪ್ಪು ಮಾಡಿದ್ದು ನಾನು ಸಾರ್. ಅವನು ಇಲ್ಲಿ ಏನೂ ಮಾಡಿಲ್ಲ. ತೆಗೆಯೋದಾದ್ರೆ ನನ್ನನ್ನ ತೆಗೀರಿ."

ಅಷ್ಟರಲ್ಲಿ ಬಾಗಿಲು ಬಡಿಯದೆಯೇ ಸುಂಟರಗಾಳಿ ಒಳಗೆ ಬಂದಳು. ತೋಳು ಮೊಣಕೈವರೆಗೆ ಸೋಪಿನ ನೊರೆ. "ಅವನನ್ನ ತೆಗೆದರೆ ನಾಳೆಯಿಂದ ಚಾದರ ನೀವೇ ಬಂದು ಎತ್ತಬೇಕು ಸಾರ್. ಅವನು ಬರೋ ಮುಂಚೆ ತಿಂಗಳಿಗೆ ಎಷ್ಟು ಚಾದರ ಮಾಯವಾಗ್ತಿತ್ತು ಗೊತ್ತಾ? ಈಗ ಒಂದು ದಿಂಬಿನ ಕವರು ಕೂಡ ಹೋಗಲ್ಲ. ಕಾಯೋದು ಹೇಗೆ ಅಂತ ಅವನಿಗೆ ಚೆನ್ನಾಗಿ ಗೊತ್ತು."

ಸೂಪರಿಂಟೆಂಡೆಂಟರು ಇಬ್ಬರು ಹೆಂಗಸರ ಮುಖವನ್ನೂ ನೋಡಿ, ಬೆರಳು ಬಡಿಯುವುದನ್ನು ನಿಲ್ಲಿಸಿದರು. ಕಳ್ಳ ಉಳಿದ. ಅತ್ತೆಗೆ ಒಂದು ಮೆಮೋ ಸಿಕ್ಕಿತು.

ಕೋಣೆಗೆ ವಾಪಸು ಬಂದ ಅತ್ತೆ ಹೆಡ್‌ಫೋನ್ ಹಾಕಿಕೊಳ್ಳಲಿಲ್ಲ. ಬೋರ್ಡಿನಲ್ಲಿ ದೀಪಗಳು ಮಿನುಗುತ್ತಲೇ ಇದ್ದವು. ನೇರ ಮೈಕು ಹಾಕಿದರು. ಈ ಸಲ ಬೇಕಂತಲೇ.

"ಎಲ್ಲರ ಗಮನಕ್ಕೆ. ಸ್ವಲ್ಪ ಹೊತ್ತಿನ ಮುಂಚೆ ಈ ಕೋಣೆಯಿಂದ ನೀವೆಲ್ಲ ಒಂದು ಮಾತು ಕೇಳಿದಿರಿ. ಅದು ಸುಳ್ಳು. ಲಾಂಡ್ರಿಯಲ್ಲಿ ಕೆಲಸ ಮಾಡುವವರು ದುಡಿದು ಸಂಪಾದಿಸಿದ ಹಣ ಅದು. ನಾನು ವಿಚಾರಿಸದೆ ಬಾಯಿ ಮಾಡಿದೆ. ಅವರು ದಯವಿಟ್ಟು ಕ್ಷಮಿಸಬೇಕು." ಒಂದು ಕ್ಷಣ ಬಿಟ್ಟು, ಅಭ್ಯಾಸಬಲದಿಂದ, "ಧನ್ಯವಾದಗಳು" ಎಂದು ಸೇರಿಸಿದರು.

ಹೆರಿಗೆ ವಾರ್ಡಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರಂತೆ. ಮಾವ ಇದನ್ನು ಕೇಳಿ, "ಮದುವೆಯಾಗಿ ಇಷ್ಟು ವರ್ಷವಾಯ್ತು, ನನಗೆ ಒಂದು ಸಲ ಕ್ಷಮಿಸಿ ಅಂದಿಲ್ಲ. ಅವನಿಗೆ ಇಡೀ ಆಸ್ಪತ್ರೆಗೆ ಕೇಳೋ ಹಾಗೆ ಅಂದಿದಾಳೆ" ಎಂದು ನನ್ನೆದುರು ಗೊಣಗಿದರು. ಆದರೆ ಅವತ್ತು ಅತ್ತೆಯ ಮುಂದೆ ಏನೂ ಅನ್ನಲಿಲ್ಲ. ತಾವೇ ಟೀ ಮಾಡಿಕೊಟ್ಟರು. ಟವೆಲನ್ನೂ ಮಡಚಿಟ್ಟರು.

ಮಾರನೆಯ ದಿನ ಅತ್ತೆ ಲಾಂಡ್ರಿಗೆ ಫೋನ್ ಮಾಡಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಇಂಟರ್‌ಕಾಮಿನ ಮೇಲೆ ಕೈಯಿಟ್ಟು ಹಿಂದೆಗೆಯುತ್ತಿದ್ದರಂತೆ. ಯಾವ ಬಾಯಲ್ಲಿ ಕೇಳುವುದು, ಏನಂತ ಕರೆಯುವುದು? ಇಷ್ಟು ದಿನ ಅವನ ಹೆಸರು ಹಿಡಿದು ಒಂದು ಸಲವೂ ಕೂಗಿರಲಿಲ್ಲ ಎಂಬುದು ಆಗ ಹೊಳೆಯಿತಂತೆ. ಬಿಸ್ಕತ್ತಿನ ಡಬ್ಬ ಮುಚ್ಚಿದಂತೆಯೇ ಇತ್ತು.

ಒಂದು ವಾರ ಕಳೆದ ಮೇಲೆ ಬೋರ್ಡಿನಲ್ಲಿ ಲಾಂಡ್ರಿಯ ದೀಪ ಹತ್ತಿತು. ಅತ್ತೆ ಎತ್ತಿಕೊಂಡರು.

"ಅಮ್ಮಾ, ನಾನು. ಈ ಕಡೆ ಲೈನು ಕೆಟ್ಟಿದೆಯಾ ಅಂತ ನೋಡೋಕೆ ಮಾಡಿದೆ."

"ಕೆಟ್ಟಿಲ್ಲಪ್ಪ" ಅಂದರು ಅತ್ತೆ. "ಸರಿಯಾಗೇ ಇದೆ."

"ಮತ್ತೆ ಫೋನೇ ಬರಲಿಲ್ಲ. ಅಕ್ಕ ಕೇಳ್ತಿದಾರೆ, ಬೆಳಿಗ್ಗೆ ಕೆಲಸ ಶುರುವಾಯ್ತು ಅಂತ ಗೊತ್ತಾಗೋದೇ ಇಲ್ವಂತೆ."

ಅತ್ತೆ ಕಣ್ಣೊರೆಸಿಕೊಂಡು, "ತಿಂಡಿ ತಿಂದೆಯಾ?" ಎಂದು ಕೇಳಿದರು. ಅವನು ತಿಂದಿರಲಿಲ್ಲ. ಬೈಗುಳ ಶುರುವಾಯಿತು. ಆ ಕಡೆ ಅವನು ನಗುತ್ತಿದ್ದನೆಂದು ಸುಂಟರಗಾಳಿ ಆಮೇಲೆ ಹೇಳಿದಳು.

ಕಂತು ಮುಗಿದದ್ದು ಅದರ ಮುಂದಿನ ವರ್ಷ. ಕೊನೆಯ ಲಕೋಟೆ ತೆಗೆದುಕೊಳ್ಳಲು ಅತ್ತೆ ಹೋದ ಹೊತ್ತಿಗೆ ಅವನೂ ಕೌಂಟರಿನ ಹತ್ತಿರ ನಿಂತಿದ್ದ. ಗುಮಾಸ್ತೆ ಮುದ್ರೆ ಒತ್ತಿ, "ಇಬ್ಬರಿಗೂ ಇನ್ನು ಇಲ್ಲಿಗೆ ಬರೋ ಕೆಲಸ ಇಲ್ಲ" ಎಂದಳು. ಇಬ್ಬರೂ ಮೆಟ್ಟಿಲಿಳಿದು ಬಂದರು.  ಅಲ್ಲಿ ಅವನು, "ಬಳೆ ತಗೊಳ್ಳಿ ಅಮ್ಮಾ, ದುಡ್ಡು ಖರ್ಚು ಮಾಡ್ಕೋಬೇಡಿ" ಎಂದು ಬುದ್ಧಿ ಹೇಳಿ ಬಸ್ಸು ಹತ್ತಿದ. ಅತ್ತೆಗೆ ಬುದ್ಧಿ ಹೇಳಿ ಸುರಕ್ಷಿತವಾಗಿ ಬಸ್ಸು ಹತ್ತಿದವನು ನನಗೆ ತಿಳಿದಂತೆ ಅವನೊಬ್ಬನೇ.

ಅತ್ತೆ, ಮಾವ ಚಿನ್ನದ ಅಂಗಡಿಗೆ ಹೋದರು. ಕೋರ್ಟು ಬಳೆಯ ಅಂದಿನ ಬೆಲೆ ಕೊಡಿಸಿತ್ತು. ಚಿನ್ನ ಮಾತ್ರ ಈ ಎರಡು ವರ್ಷ ಕೋರ್ಟಿನ ಮಾತು ಕೇಳಿಕೊಂಡು ಕೂತಿರಲಿಲ್ಲ. ತೂಗಿ ನೋಡಿದರೆ ಅಷ್ಟು ಹಣಕ್ಕೆ ಒಂದೇ ಬಳೆ ಬಂತು. ಇನ್ನೊಂದಕ್ಕೆ ತಾವು ಕೊಡುವುದಾಗಿ ಮಾವ ಜೇಬಿಗೆ ಕೈ ಹಾಕಿದರೆ ಅತ್ತೆ ತಡೆದರು. ಬೇಡವಂತೆ, ಇಷ್ಟೇ ಸಾಕಂತೆ. ಒಂದು ಕೈಗೆ ಬಳೆ, ಇನ್ನೊಂದು ಕೈಗೆ ವಾಚು. ಅಂಗಡಿಯವನು ಎಷ್ಟು ಹೇಳಿದರೂ ಕೇಳಲಿಲ್ಲ.

ಮಾವ ಸುಮ್ಮನಿರಬೇಕಲ್ಲ. "ಇನ್ನೇನು, ಕಂತು ಮುಗೀತು. ಮನೆಯಲ್ಲಿ ಬೇಜಾರು. ಬಚ್ಚಲು ಕಿಟಕಿ ತೆಗೆದಿಡಲಾ, ಇನ್ನೊಬ್ಬ ಸಿಕ್ತಾನೇನೋ?"

ಹೋದ ವರ್ಷ, ಅತ್ತೆ ನಿವೃತ್ತರಾಗುವ ಸ್ವಲ್ಪ ಮುಂಚೆ, ಒಂದು ಹೊರಗಿನ ಕರೆ ಬಂತು. ಪಕ್ಕದ ಊರಿನ ಒಂದು ದೊಡ್ಡ ಹೋಟೆಲಿನ ಮ್ಯಾನೇಜರು. ತಮ್ಮ ಲಾಂಡ್ರಿಗೆ ಒಬ್ಬ ಮುಖ್ಯಸ್ಥ ಬೇಕು, ನಿಮ್ಮ ಆಸ್ಪತ್ರೆಯವರೊಬ್ಬರು ಅರ್ಜಿ ಹಾಕಿ ನಿಮ್ಮನ್ನೇ ಕೇಳಿ ಎಂದಿದ್ದಾರೆ, ಮನುಷ್ಯ ಹೇಗೆ ಎಂದರು. ಅತ್ತೆ ಶ್ರಮಜೀವಿ ಎಂದರು, ಸಮಯಕ್ಕೆ ಸರಿಯಾಗಿ ಬರುತ್ತಾನೆ ಎಂದರು, ಆರೋಗ್ಯದ ವಿವರವನ್ನಂತೂ ಹಲ್ಲಿನಿಂದ ಹಿಡಿದು ಕೊಟ್ಟರು.

"ಅದೆಲ್ಲ ಸರಿ ಮೇಡಂ. ಪ್ರಾಮಾಣಿಕನಾ? ನಮ್ಮದು ದೊಡ್ಡ ದೊಡ್ಡ ಗಿರಾಕಿಗಳ ಬಟ್ಟೆ."

ಅತ್ತೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ ಎಂದಲ್ಲ. ‘ರೌಂಡ್ಸಿನಲ್ಲಿದ್ದಾರೆ’ ಎಂದು ಎಷ್ಟೋ ಡಾಕ್ಟರುಗಳ ಸಂಸಾರ ಉಳಿಸಿದವರು. ಆದರೆ ಇವನ ವಿಷಯದಲ್ಲಿ ಸುಳ್ಳು ಬಾಯಿಗೆ ಬರಲಿಲ್ಲ, ನಿಜ ಹೇಳಲು ಮನಸ್ಸು ಒಪ್ಪಲಿಲ್ಲ.

"ಸಾರ್," ಎಂದರು ಜೇನಿನ ದನಿಯಲ್ಲಿ, "ಯಾರ ಹತ್ತಿರ ಏನು ತಗೊಂಡಿದ್ರೂ ಕೊನೇ ಕಾಸಿನವರೆಗೂ ವಾಪಸ್ ಕೊಡ್ತಾನೆ. ಅದಕ್ಕೆ ನಾನು ಗ್ಯಾರಂಟಿ."

ಮ್ಯಾನೇಜರು ಸಾಲದ ಮಾತೆಂದುಕೊಂಡು ಬಹಳ ಸಂತೋಷಪಟ್ಟರು. ಅವನಿಗೆ ಕೆಲಸ ಸಿಕ್ಕಿತು. ಅತ್ತೆ ಮಾತ್ರ ಎರಡು ದಿನ ಚಡಪಡಿಸಿ, ತಾವು ಹೇಳಿದ್ದು ಸುಳ್ಳಾಯಿತಾ ಎಂದು ಮಾವನನ್ನು ಕೇಳಿದರು. ಮಾವ ಪೇಪರಿನಿಂದ ತಲೆಯೆತ್ತದೆ, "ಅದರಲ್ಲಿ ಸುಳ್ಳೇನಿದೆ?" ಎಂದರು. ಅತ್ತೆ ಸಮಾಧಾನವಾಗಿ, ಹೊಸ ಊರಿನಲ್ಲಿ ಅವನ ಊಟಕ್ಕೆ ಏನು ವ್ಯವಸ್ಥೆಯೋ ಎಂಬ ಮುಂದಿನ ಚಿಂತೆಗೆ ಹೊರಟರು.